ಎದುರುಪಕ್ಷ

ಚೀಟಿ ಬಿಡಿಸಿದ ಶ್ರೀಲೇಖಾಳ ಮುಖ ನೋಡಿಯೇ ಆಲೀಸ್ ಟೀಚರಿಗೆ ವಿಷಯ ತಿಳಿದುಹೋಯಿತು. ಕೋಳಿಕ್ಕೋಡಿನ ಕಾನೂನು ಕಾಲೇಜಿನಲ್ಲಿ ಅಂದಿನ ಚರ್ಚೆ: ತಾನು ಗಂಡೋ ಹೆಣ್ಣೋ ಎಂದು ದಾಖಲೆಯಲ್ಲಿ ಬರೆಸಲು ಸ್ವಂತ ಮಾತು ಸಾಕೇ, ವೈದ್ಯರ ಪತ್ರ ಬೇಕೇ? ಹದಿನೆಂಟರವರೆಗೆ ಹುಡುಗನ ಹೆಸರಲ್ಲಿ ಬೆಳೆದ ಶ್ರೀಲೇಖಾಳಿಗೆ ‘ಪತ್ರ ಬೇಕು’ ಎಂಬ ಪಕ್ಷ ಬಂದಿತ್ತು.

“ಬೇರೆ ಚೀಟಿ ಕೊಡ್ಲೇನಮ್ಮಾ?”

“ಬೇಡ ಟೀಚರ್. ಈ ವಾದ ನಂಗೆ ಮನೇಲೇ ಬಾಯಿಪಾಠ ಆಗಿದೆ.”

“ಹಾಗಾದ್ರೆ ನನ್ ಕಥೆ ಮುಗೀತು ಬಿಡು,” ಎಂದು ಎದುರುಪಕ್ಷದ ಚೀಟಿ ಬಂದಿದ್ದ ಮುನೀರ್ ನಕ್ಕ.

ಅವಳು ಕಾನೂನಿನ ಮಾತೇ ಎತ್ತಲಿಲ್ಲ. “ಒಬ್ಬ ತಾಯಿ ಇದ್ದಾಳೆ ಅಂದ್ಕೊಳ್ಳಿ. ಮಗು ಹೇಳಿದ್ದನ್ನ ಅವಳು ಸುಳ್ಳು ಅನ್ನಲ್ಲ. ನಾಳೆ ತಪ್ಪು ಮಾಡ್ದೆ ಅಂತ ಅದಕ್ಕೇ ಅನಿಸಿದ್ರೆ ಏನು ಗತಿ ಅಂತ ಹೆದರ್ತಾಳೆ. ತಿಳಿದವರು ಒಬ್ಬರು ನೋಡಿ ಹೇಳ್ಲಿ ಅಂತಾಳೆ. ಅವಳಿಗೆ ಏನು ಹೇಳ್ತೀರಿ?” ಕೇಳುತ್ತ ಕೇಳುತ್ತ ಅವಳ ದನಿ ವಡಗರದ ಮನೆಯ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುವ ಅಮ್ಮನ ದನಿಯೇ ಆಯಿತು. ಮೂರು ವರ್ಷದಿಂದ ಅಮ್ಮನ ಈ ಪ್ರಶ್ನೆಗೆ ಶ್ರೀಲೇಖಾಳಲ್ಲಿ ಸಿಟ್ಟಿತ್ತು, ಉತ್ತರವಿರಲಿಲ್ಲ.

ಮುನೀರ್ ಬರೆದು ತಂದದ್ದನ್ನು ಮಡಿಸಿಟ್ಟ. “ಉಮ್ಮಾ,” ಎಂದ, ತನ್ನ ತಾಯಿಯನ್ನೇ ಕರೆದಂತೆ. “ಹೆದರಿಕೆ ತಪ್ಪಲ್ಲ. ಪತ್ರ ಕೊಟ್ಟ ಡಾಕ್ಟರು ಸಂಜೆಗೇ ಮರೀತಾರೆ. ಸರಿಯಾದ್ರೂ ತಪ್ಪಾದ್ರೂ ಮಗು ಬಂದು ತಟ್ಟೋದು ನಿಮ್ಮ ಬಾಗಿಲನ್ನೇ. ಯಾವಾಗ ಬಂದ್ರೂ ತೆಗೀತೀನಿ ಅಂತ ಅವಳಿಗೆ ಇವತ್ತೇ ಹೇಳಿ.”

ಮರುವಾದಕ್ಕೆ ಟೀಚರ್ ಕರೆದರು. ಶ್ರೀಲೇಖಾ ಪೆನ್ನಿನ ಮುಚ್ಚಳ ತೆಗೆದಳು.

“ಮುನೀರ್, ಇನ್ನೊಂದ್ಸಲ ಹೇಳೋ. ನಿಧಾನಕ್ಕೆ. ಬರ್ಕೋತೀನಿ.”