ಸುಳ್ಳು ಕೂಗುವ ಕಾರು

ಕಾರು ಮತ್ತೆ ಸುಳ್ಳು ಹೇಳಿತು.

ಎದುರಿಗೆ ರಸ್ತೆ ಖಾಲಿ. ಆದರೂ ಬೀಪ್ ಬೀಪ್ ಎಂದು ಬಡಕೊಂಡು, ತನ್ನಷ್ಟಕ್ಕೆ ತಾನೇ ಬ್ರೇಕ್ ಹಾಕಿಕೊಂಡು ನಿಂತುಬಿಟ್ಟಿತು. ಪರದೆಯ ಎಡಮೂಲೆಯಲ್ಲಿ ಅದೇ ಕೆಂಪು ಗುರುತು. ಸಿದ್ದಗಂಗಯ್ಯ ಸ್ಟೇರಿಂಗಿಗೆ ಒಂದು ಗುದ್ದಿದರು. ಮಧುಗಿರಿ–ಪಾವಗಡ ಬಸ್ಸು ಓಡಿಸುತ್ತಲೇ ತಲೆ ನರೆತ ಮನುಷ್ಯ. ಒಂದು ಕೋಳಿಮರಿಯ ಮೇಲೂ ಚಕ್ರ ಹತ್ತಿಸಿದವರಲ್ಲ. ಅಂಥವರಿಗೆ ಈ ಡಬ್ಬ ಪಾಠ ಹೇಳುವುದೇ?

ಕಾರು ಕೊಂಡವಳು ಮಗಳು ರಕ್ಷಾ, ಕೊಡಿಗೇನಹಳ್ಳಿಯಲ್ಲಿ ಟೀಚರ್. ಏನಾದರೂ ಅಡ್ಡ ಬಂದರೆ ಎಚ್ಚರಿಸುತ್ತದೆ, ಪಾರ್ಕಿಂಗ್ ಮಾಡುವಾಗ ದಾರಿ ತೋರಿಸುತ್ತದೆ ಎಂದು ಆಸೆಪಟ್ಟು ತಂದಿದ್ದಳು. ಮೊದಮೊದಲು ಸರಿಯಾಗಿಯೇ ಇತ್ತು. ಯುಗಾದಿ ಕಳೆದ ಮೇಲೆ ಅದಕ್ಕೇನು ಬಂತೋ. ಪೂಜೆಯಲ್ಲಿ ಕಟ್ಟಿದ ನಿಂಬೆಹಣ್ಣು ಅಡ್ಡವಾಗಿದೆಯೆಂದು ಸಿದ್ದಗಂಗಯ್ಯ ಕಿತ್ತೆಸೆದರು. ಸೆನ್ಸರಿಗೆ ಮೆತ್ತಿದ್ದ ಕುಂಕುಮ ಒರೆಸಿದರು. ಕೂಗು ನಿಲ್ಲಲಿಲ್ಲ. ಸಿರಾದ ಮೆಕ್ಯಾನಿಕ್ ಎಲ್ಲವನ್ನೂ ನೋಡಿ ಕೈ ಒರೆಸಿಕೊಂಡ.

"ಗಾಡಿ ಬರಾಬರ್ ಐತೆ ಯಜಮಾನ್ರೇ."

ಕಾರೊಂದೇ ಅಲ್ಲ, ಈಚೆಗೆ ಊರೇ ಅವರ ಮೇಲೆ ತಿರುಗಿಬಿದ್ದಂತಿತ್ತು. ಹಳೆಯ ಕಂಡಕ್ಟರ್ ರುದ್ರಮುನಿ ಸಂತೆಯಲ್ಲಿ ಮಾತಾಡಿಸದೆ ಹೋದ. ಕೇಳಿದರೆ, "ನೀನೇ ಮುಖ ತಿರುಗುಸ್ಕೊಂಡೆ ಕಣ್ಲಾ" ಎಂದು ದಬಾಯಿಸಿದ. ಕೊರಟಗೆರೆಯ ಗೃಹಪ್ರವೇಶದಲ್ಲಿ ಎಲೆಯ ಎಡತುದಿಗೆ ಉಪ್ಪಿನಕಾಯಿ, ಚಟ್ನಿ ಬಡಿಸದೆ ಅವಮಾನ ಮಾಡಿದರು. "ಬಡಿಸವ್ರೆ ಕಣ್ರೀ, ಸುಮ್ಕೆ ಉಣ್ರಿ" ಎಂದು ಹೆಂಡತಿ ಲಕ್ಷ್ಮೀದೇವಿಯೂ ಆ ಮನೆಯವರ ಪರವೇ ವಹಿಸಿದಳು. ಸಿದ್ದಗಂಗಯ್ಯ ಮಜ್ಜಿಗೆಗೂ ಕಾಯದೆ ಎದ್ದುಬಂದರು.

ಅದೇ ಸಂಜೆ ಅಡುಗೆಮನೆಯಲ್ಲಿ ತಾಯಿ ಮಗಳ ಪಿಸುಮಾತು ಕಿವಿಗೆ ಬಿತ್ತು.

"ಅಪ್ಪನ ಕೈಯಿಂದ ಕೀ ಇಸ್ಕೋಬೇಕು ಕಣಮ್ಮ. ಹೆಂಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ."

ಸಿದ್ದಗಂಗಯ್ಯನವರಿಗೆ ಎಲ್ಲ ಅರ್ಥವಾಯಿತು. ಕೂಗಿಸುತ್ತಿದ್ದವಳು ಮಗಳೇ. ಮೊಬೈಲಿನಲ್ಲಿ ಏನೋ ಒತ್ತಿ ಕಾರಿನ ತಲೆ ಕೆಡಿಸಿದ್ದಾಳೆ. ಅಪ್ಪನನ್ನು ಮೂಲೆಗೆ ಕೂರಿಸುವ ಹುನ್ನಾರ. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹಾರನ್ ಒತ್ತಿಸಿ ನಗಿಸಿದ ಮಗಳು. ಅವರಿಗೆ ಅಂದು ಊಟ ಸೇರಲಿಲ್ಲ.

ಭಾನುವಾರ ಅವರೇ ಪಂಥ ಕಟ್ಟಿದರು.

"ಹೈಸ್ಕೂಲ್ ಮೈದಾನಕ್ಕೆ ಹೋಗಾಣ, ನಡಿ. ಅಡ್ಡ ಏನಾದ್ರೂ ಇದ್ದು ಕೂಗ್ತು ಅಂದ್ರೆ ಕೀ ನಿನ್ನ ಕೈಗೆ ಕೊಟ್ಟು, ಈ ಜನ್ಮದಾಗೆ ಸ್ಟೇರಿಂಗ್ ಮುಟ್ಟಕ್ಕಿಲ್ಲ. ಸುಮ್ಸುಮ್ಕೆ ಕೂಗ್ತು ಅಂದ್ರೆ, ನೀನು ಮಾಡಿದ್ದನ್ನ ಒಪ್ಕೋಬೇಕು."

"ಆಗ್ಲಿ ಅಪ್ಪ," ಎಂದಳು ರಕ್ಷಾ. ಮೈದಾನದಲ್ಲಿ ಇಳಿಯುವಾಗ ಮತ್ತೆ ಹೇಳಿದಳು. "ಮೆಲ್ಲಗೆ ಬಾ."

ಬಟಾಬಯಲು. ಸಿದ್ದಗಂಗಯ್ಯ ದೂರ ಹೋಗಿ ತಿರುಗಿಸಿಕೊಂಡು, ನಡಿಗೆಯ ವೇಗದಲ್ಲಿ ಬಂದರು. ಕಣ್ಣೆದುರಿಗೆ ನೆಲ, ಅದರಾಚೆ ಶಾಲೆಯ ಗೋಡೆ. ಅಷ್ಟರಲ್ಲಿ ಬೀಪ್ ಬೀಪ್. ಎಡಮೂಲೆ ಕೆಂಪಾಯಿತು. ಕಾರು ಗಕ್ಕನೆ ನಿಂತಿತು.

ಸಿದ್ದಗಂಗಯ್ಯ ಜೋರಾಗಿ ನಕ್ಕರು. ಗೆದ್ದಿದ್ದರು. ಮಗಳು ಮಾತ್ರ ನಾಪತ್ತೆ. ಕಳ್ಳತನ ಬಯಲಾದ ಮೇಲೆ ಎದುರಿಗೆ ನಿಲ್ಲುವ ಮುಖ ಎಲ್ಲಿಯದು? ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

"ಎಲ್ಲಿಗೋದೆ ರಕ್ಷಾ? ಬಂದು ನೋಡು. ಒಂದು ನರಪಿಳ್ಳೆ ಇಲ್ಲ ಇಲ್ಲಿ."

"ಅಪ್ಪಾ," ಬಾನೆಟ್ಟಿನ ಎಡಮೂಲೆಯಿಂದಲೇ ಅಳು ತುಂಬಿದ ದನಿ ಬಂತು, "ಇಲ್ಲೇ ನಿಂತಿದೀನಿ ಕಣಪ್ಪ. ಆಗ್ಲಿಂದ ನಿಂಗೆ ಕೈ ಬೀಸ್ತಾನೇ ಇದೀನಿ."