ಥ್ಯಾಂಕ್ಸ್ ಹೇಳಬಾರದ ಗೇಟು

"ಥ್ಯಾಂಕ್ಸ್," ಎಂದುಬಿಟ್ಟಳು ಗ್ಲೆನಿಸ್, ಗೇಟು ದಾಟುತ್ತ.

ಹಿಂದೆ ಬರುತ್ತಿದ್ದ ಅವಳ ಗೆಳತಿ ನೆಸ್ಟಾ ಮಳೆಯಲ್ಲಿ ಅಲ್ಲೇ ನಿಂತಳು. ಗೇಟನ್ನು ತೆರೆದು ಹಿಡಿದಿದ್ದವನು ಹಾಲ್ಡೇನ್, ಕಡಲ ದಂಡೆಯ ಹೊಲವನ್ನೆಲ್ಲ ಹೋದ ವರ್ಷ ಕೊಂಡ ಹೊಸ ಧಣಿ. ದೊಡ್ಡ ಕೊಡೆ, ದೊಡ್ಡ ನಗು. "ಪರವಾಗಿಲ್ಲಮ್ಮ. ಧಾರಾಳವಾಗಿ ಓಡಾಡಿ, ನನ್ನದೇನೂ ಅಭ್ಯಂತರ ಇಲ್ಲ," ಎಂದ.

ಬೇಡವಾಗಿದ್ದದ್ದು ಅದೇ. ಯಾರ ಅಪ್ಪಣೆಯನ್ನೂ ಕೇಳದೆ ಇಪ್ಪತ್ತು ವರ್ಷ ಜನ ನಡೆದಾಡಿದ ದಾರಿ ಜನರದ್ದೇ ಆಗುತ್ತದೆ ಎನ್ನುವುದು ನಮ್ಮ ವೇಲ್ಸ್‌ನ ಕಾನೂನು. ಅಪ್ಪಣೆ ಪಡೆದು ನಡೆದರೋ, ಅದು ಧಣಿಯ ಉಪಕಾರ. ಇವತ್ತು ಕೊಟ್ಟದ್ದನ್ನು ನಾಳೆ ಕಿತ್ತುಕೊಳ್ಳಬಹುದು. ಬಂಡೆಗಳ ಅಂಚಿನ ಈ ಕಾಲುದಾರಿ ಮುಚ್ಚಿದರೆ ಊರಿನವರಿಗೆ ಸಮುದ್ರಕ್ಕಿಳಿಯಲು ಬೇರೆ ದಾರಿಯಿಲ್ಲ. ದಾರಿ ಯಾರದೆಂದು ತೀರ್ಮಾನಿಸಲು ಮುಂದಿನ ವಾರ ಕೌನ್ಸಿಲ್‌ನವರು ವಿಚಾರಣೆಗೆ ಬರುವವರಿದ್ದರು. ಮೊದಲ ಸಾಕ್ಷಿ ನೆಸ್ಟಾ, ಸುಳ್ಳು ಹೇಳುವ ಹೆಂಗಸಲ್ಲ. ಇಂಥ ಮಳೆಯಲ್ಲೂ ಅವಳು ಹೊರಟದ್ದು, ದಾರಿ ಖಾಲಿ ಬಿದ್ದಿತ್ತು ಎಂದು ಈ ಮನುಷ್ಯ ಹೇಳುವಂತಾಗಬಾರದೆಂದೇ.

ಗ್ಲೆನಿಸ್‌ಳದು ತಪ್ಪು ಎನ್ನುವಂತೆಯೂ ಇಲ್ಲ. ನಮ್ಮ ಜನ ಬಸ್ಸಿಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾರೆ, ಹಲ್ಲು ಕಿತ್ತ ಡಾಕ್ಟರಿಗೂ ಹೇಳುತ್ತಾರೆ. ಬಾಯಿಗೆ ಬಂದುಬಿಡುತ್ತದೆ.

"ಬಾ ಈಚೆಗೆ," ಎಂದಳು ನೆಸ್ಟಾ.

"ಏನೇ, ತಲೆ ಕೆಟ್ಟಿದ್ಯಾ? ಬೆನ್ನೊಳಗೆಲ್ಲ ನೀರು ಇಳೀತಿದೆ."

"ಇಳೀಲಿ. ಬಾ ಅಂದ್ನಲ್ಲ."

ಗ್ಲೆನಿಸ್ ಗೊಣಗುತ್ತ ವಾಪಸ್ ಬಂದಳು. ನೆಸ್ಟಾ ಹಾಲ್ಡೇನನ ಕೈಯಿಂದ ಗೇಟು ಬಿಡಿಸಿ, ಎಳೆದು ಮುಚ್ಚಿ, ಚಿಲಕ ಹಾಕಿದಳು. ಅವನು ಆಚೆ, ಇವರಿಬ್ಬರು ಈಚೆ.

"ಈಗ ಹೇಳು ಅವರಿಗೆ, ಆ ಥ್ಯಾಂಕ್ಸ್ ವಾಪಸ್ ಅಂತ."

"ಥ್ಯಾಂಕ್ಸ್ ಯಾರಾದ್ರೂ ವಾಪಸ್ ತಗೋತಾರೇನೆ? ಮರ್ಯಾದೆ ಅನ್ನೋದು ಬೇಡ್ವಾ?"

"ಮರ್ಯಾದೆ ಮನೇಗೆ ಹೋಗಿ ನೋಡ್ಕೊಳ್ಳೋಣ."

ಗ್ಲೆನಿಸ್ ನಾಚಿಕೆಯಿಂದ ಕುಗ್ಗಿಹೋದಳು. "ನೋಡಿ ಸ್ವಾಮಿ, ನಾನು ಆಗ ಅಂದಿದ್ದು... ಅಂದಿಲ್ಲ ಅಂದ್ಕೊಳ್ಳಿ."

ಹಾಲ್ಡೇನನ ನಗು ಬಾಡಿತು. "ಒಳ್ಳೇ ಮನಸ್ಸಿಂದ ಬಿಡ್ತಿದ್ದೀನಿ ತಾಯಿ. ಹೋಗಿ ಅಂದ್ರೂ ಜಗಳಾನಾ?"

"ಹೋಗಿ ಅನ್ನೋಕೆ ನೀವ್ಯಾರು? ಜಗಳ ಇರೋದೇ ಅದಕ್ಕೆ."

ಮಾತು ಗಟ್ಟಿಯಾಗಿಯೇ ಬಂತು, ಆದರೆ ನೆಸ್ಟಾಗೆ ಒಳಗೊಳಗೇ ಭಯವಾಗಿತ್ತು. ವಿಚಾರಣೆಯಲ್ಲಿ ಇವನು ಆ ಒಂದು ಥ್ಯಾಂಕ್ಸ್ ಹಿಡಿದುಕೊಂಡು ಕೂತರೆ ಊರಿಗೆ ಊರೇ ಸೋತಂತೆ. ಅವಳು ಒದ್ದೆ ಕೈಗವಸು ಕಳಚಿ, ಚಳಿಗೆ ಸೆಟೆದ ಬೆರಳುಗಳಿಂದ ಚಿಲಕ ತೆಗೆದಳು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಗೇಟನ್ನು ನೂಕಿದಳು.

ಅದು ಹೋಗಿ ಹಾಲ್ಡೇನನ ಮೊಣಕಾಲಿಗೆ ಬಡಿಯಿತು. ಧಣಿಯಾದರೇನು, ಅವನೂ ಈ ಸೀಮೆಯಲ್ಲೇ ಬೆಳೆದವನು. ಪೆಟ್ಟು ತಿಂದವನೇ ಕ್ಷಮೆ ಕೇಳುವುದು ಇಲ್ಲಿಯ ರೂಢಿ. ಥಟ್ಟನೆ ಕೆಸರಿಗೆ ಸರಿದು ನಿಂತು, "ಸಾರಿ, ಸಾರಿ, ನಿಮ್ಮ ದಾರಿಗೆ ಅಡ್ಡ ನಿಂತ್ಬಿಟ್ಟೆ," ಎಂದ.

ನೆಸ್ಟಾ ಗ್ಲೆನಿಸ್‌ಳ ಕಡೆ ತಿರುಗಿದಳು.

"ಯಾರ ದಾರಿ ಅಂದ್ರು, ಕೇಳಿಸ್ಕೊಂಡ್ಯಲ್ಲ? ಮುಂದಿನ ವಾರ ನೀನೂ ಸಾಕ್ಷಿ."