ದಶಾಂಶದ ಮೂರನೆಯ ಅಂಕಿ

“ಐವತ್ತು ಶಾಫ್ಟಿಗೂ 25.00 ಮಿಲಿಮೀಟರೇ? ಅಳತೇನೇ ಮಾಡ್ದೆ ಸುಮ್ನೆ ಕೂತು ಬರ್ದಿದೀರ!” ಗಿರಾಕಿ ಕಂಪನಿಯ ಆಡಿಟರ್ ವರದಿಯನ್ನು ಮೇಜಿನ ಮೇಲೆ ಎಸೆದರು. ಶಾಫ್ಟ್ ಎಂಬ ಉಕ್ಕಿನ ದಂಡಗಳನ್ನು ಮಾಡುವ ಪೀಣ್ಯದ ಆ ಕಾರ್ಖಾನೆಯ ಮ್ಯಾನೇಜರ್ ಅಳತೆಯ ಕೆಲಸದ ನೀಲಾಂಬಿಕಾಳ ಕಡೆ ತಿರುಗಿ, “ಐಡಿ ಕಾರ್ಡ್ ಕೊಟ್ಟು ಹೊರಡಮ್ಮ” ಎಂದರು.

“ಒಂದೊಂದೂ ಅಳದೀನ್ರೀ ಸರ. ಎಲ್ಲಾ ಬ್ಯಾರೆ ಬ್ಯಾರೆ ಬಂದಾವ್ರೀ,” ಎಂದಳು ಅವಳು. ಅವಳ ಎರಡು ಬೆರಳುಗಳು ದಪ್ಪ ಅಳೆಯುವ ಮೈಕ್ರೋಮೀಟರಿನ ತಿರುಪು ತಿರುಗಿಸುವಂತೆ ಗಾಳಿಯಲ್ಲೇ ಆಡುತ್ತಿದ್ದವು.

ಆ ಬೆರಳುಗಳನ್ನು ಕಂಡು, ಪಕ್ಕದಲ್ಲಿ ಕೂತಿದ್ದ ಕಾರ್ಖಾನೆಯ ಕಂಪ್ಯೂಟರ್ ಕೆಲಸದ ಲೋಕೇಶ ಲ್ಯಾಪ್‌ಟಾಪಿನಲ್ಲಿ ಆ ವರದಿಯ ಹಾಳೆ ತೆರೆದ. ಅವಳ ಅಳತೆಗಳನ್ನು ಎಕ್ಸೆಲ್ ಹಾಳೆಗೆ ತುಂಬುವ ಪ್ರೋಗ್ರಾಂ ಬರೆದವನು ಅವನೇ. ನೋಡಲು ಅಂದವಾಗಿರಲೆಂದು, ದಶಾಂಶ ಬಿಂದುವಿನ ನಂತರ ಎರಡೇ ಅಂಕಿಗೆ ರೌಂಡ್ ಮಾಡಿ ತೋರಿಸುವಂತೆ ಅದಕ್ಕೆ ಹೇಳಿದ್ದ. ವ್ಯತ್ಯಾಸವೆಲ್ಲ ಇದ್ದದ್ದು ಮೂರನೆಯ ಅಂಕಿಯಲ್ಲಿ. ಅವನ ಕೆಲಸ ಕಾಯಂ ಆಗಲು ಇನ್ನು ನಾಲ್ಕೇ ದಿನ. ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ನೀಲಾಂಬಿಕಾ ಕೊರಳಿನ ಕಾರ್ಡು ತೆಗೆಯಹೋದಳು. ದಾರ ಜಡೆಗೆ ಸಿಕ್ಕಿಕೊಂಡಿತು. ಅವಳು ಅಳುತ್ತಲೇ ಎಳೆಯತೊಡಗಿದಳು.

“ಬಿಡಿ ಅಕ್ಕ,” ಎನ್ನುತ್ತ ಲೋಕೇಶ ಲ್ಯಾಪ್‌ಟಾಪನ್ನು ಆಡಿಟರ್ ಕಡೆ ತಿರುಗಿಸಿ 25.00 ಎಂದಿದ್ದ ಮೊದಲ ಚೌಕವನ್ನು ಒತ್ತಿದ. ಹಾಳೆಯ ಮೇಲಿನ ಪಟ್ಟಿಯಲ್ಲಿ ಅದರ ಪೂರ್ತಿ ಅಳತೆ 24.997 ಎಂದು ಮೂಡಿತು. ಅದರ ಕೆಳಗಿನ ಚೌಕಕ್ಕೆ 25.002. “ಮುಚ್ಚಿಟ್ಟಿದ್ದು ನನ್ನ ಪ್ರೋಗ್ರಾಂ ಸಾರ್,” ಎಂದವನೇ ತನ್ನ ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.